ಉಪ್ಪುಕೆರೆಗೆ ಬೆನ್ನು ಹಾಕಿ

ಪಾವ್ಲೊದಾರ್,
12 ಸೆಪ್ಟೆಂಬರ್ 1983

ನಮ್ಮ ಮನೆತನದ ಸೊಸೆ ಶರ್ಬನ್‌ಗೆ ಕೊಜಾಬೆಕ್ ಮಾಡುವ ಆಶೀರ್ವಾದ.

ನಾನು ಇಲ್ಲಿ ಮಗಳ ಮನೆಗೆ ಕ್ಷೇಮವಾಗಿ ಬಂದು ಸೇರಿದ್ದೇನೆ. ಹೇಳದೆ ಕೇಳದೆ ಉಣ್ಣೆಯ ಲಾರಿ ಹತ್ತಿ ಹೊರಟುಬಿಟ್ಟ ಎಂದು ನಮ್ಮೂರು ಅಕ್ಕುಡುಕ್‌ನಲ್ಲಿ ಎಲ್ಲರೂ ಆಡಿಕೊಳ್ಳುತ್ತಿರಬಹುದು. ಮಗಳಿಗೆ ಹುಷಾರಿಲ್ಲ ಎಂದು ಕುರಿ ಫಾರಂ ಆಫೀಸಿನಲ್ಲಿ ಹೇಳಿ ಬಂದಿದ್ದೆ. ಅದು ಸುಳ್ಳು. ಮಗಳು ಗುಂಡುಕಲ್ಲಿನ ಹಾಗಿದ್ದಾಳೆ. ನಿನಗೆ ಮಾತ್ರ ನಿಜ ಹೇಳಬೇಕು, ಏಕೆಂದರೆ ಅದು ನಿನಗೇ ಸಂಬಂಧಪಟ್ಟದ್ದು.

ಉಪ್ಪುಕೆರೆಯಲ್ಲಿ ಹೆಂಗಸರು ಬತ್ತಲೆ ಮೀಯುವಾಗ ದಿಬ್ಬದ ಮೇಲೆ ಕೆರೆಗೆ ಬೆನ್ನು ಹಾಕಿ ಕೂತು ಕಾಯುವ ಕೆಲಸವನ್ನು ನಮ್ಮಪ್ಪ ಮಾಡಿದ, ಅವನ ನಂತರ ನಾನು ಮಾಡಿದೆ. ಕುರಿ ಹುಡುಕುತ್ತಾ ಬರುವವನಾಗಲಿ, ದಾರಿ ತಪ್ಪಿದ ಡ್ರೈವರ್ ಆಗಲಿ, ದೂರದಲ್ಲೇ ಅಡ್ಡಗಟ್ಟುವುದು. ಕೆಲಸ ಇಷ್ಟೇ. ಆದರೆ ಒಂದು ಸಲ ತಿರುಗಿ ನೋಡಿದವನು ಮತ್ತೆ ಆ ದಿಬ್ಬ ಹತ್ತುವಂತಿಲ್ಲ. ನನ್ನನ್ನು ತಿರುಗಿಸಬೇಕೆಂದು ನೀವೆಲ್ಲ ಸೇರಿ ಮಾಡದ ಕುಚೇಷ್ಟೆಯಿಲ್ಲ. "ದಿಬ್ಬದಣ್ಣಾ, ಹಾವು ಬಂತು ಹಾವು!" "ದಿಬ್ಬದಣ್ಣಾ, ಉಲ್ಬಿಕೆ ಅಜ್ಜಿ ತೇಲ್ಕೊಂಡು ಹೋಗ್ತಾ ಇದಾಳೆ, ಓಡ್ಬನ್ನಿ!" ಆಮೇಲೆ ಕಿಲಕಿಲ ನಗು. ಆ ನೀರಿನಲ್ಲಿ ಮುಳುಗಬೇಕೆಂದರೂ ಯಾರೂ ಮುಳುಗುವುದಿಲ್ಲ ಎಂಬುದು ನನಗೆ ಗೊತ್ತಿಲ್ಲವೆ? ಕೇಳಿಸದವನ ಹಾಗೆ ಕೂತಿರುತ್ತಿದ್ದೆ.

ಆದರೆ ಆವತ್ತು ನೀನು ನನ್ನ ಹೆಸರು ಹಿಡಿದು ಕೂಗಿದೆ.

ನನ್ನ ಚಿಕ್ಕಪ್ಪನ ಮಗ ಅಮೀರ್‌ಹಾನ್‌ನ ಹೆಂಡತಿಯಾಗಿ ನೀನು ನಮ್ಮೂರಿಗೆ ಬಂದು ಮೂವತ್ತು ವರ್ಷವಾಯಿತು. ಗಂಡನ ಅಣ್ಣನ ಹೆಸರು ಬಾಯಲ್ಲಿ ಬರಬಾರದು ಎಂದು 'ದಿಬ್ಬದಣ್ಣ' ಎಂಬ ಹೆಸರು ಕಟ್ಟಿದವಳೇ ನೀನು. ಊರೆಲ್ಲ ಅದನ್ನೇ ಹಿಡಿದುಕೊಂಡಿತು. ಅಮೀರ್‌ಹಾನ್ ತೀರಿಕೊಂಡಾಗ ಅಳುತ್ತಾ ಬಂದು ನನ್ನ ಬಾಗಿಲು ಬಡಿದೆಯಲ್ಲ, ಆಗಲೂ ನೀನು ಹೆಸರು ಹೇಳಲಿಲ್ಲ. ಅಂಥವಳು 'ಕೊಜಾಬೆಕ್' ಎಂದು ಕೂಗಿದರೆ ಪ್ರಾಣಕ್ಕೇ ಬಂದಿರಬೇಕು ಅನ್ನಿಸಿತು. ಉಳಿದ ಹೆಂಗಸರು ಆಗಲೇ ಮಿಂದು ಸಿಹಿನೀರಿನ ಬಾವಿಯ ಕಡೆ ಹೋಗಿದ್ದರು. ನೀನೊಬ್ಬಳೇ ಇದ್ದೆ. ತಿರುಗಿಬಿಟ್ಟೆ.

ಏನೂ ಆಗಿರಲಿಲ್ಲ. ನೀನು ನೀರಿನಲ್ಲಿ ನಿಂತಿದ್ದೆ, ಅಷ್ಟೇ. ನಾನು ಏನನ್ನೂ ನೋಡಲಿಲ್ಲ ಶರ್ಬನ್. ಬಿಸಿಲು ಉಪ್ಪಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯಿತು, ಕೂಡಲೇ ಬೆನ್ನು ಹಾಕಿದೆ. ಆದರೂ ತಿರುಗಿದ್ದು ತಿರುಗಿದ್ದೇ. ಇನ್ನು ನಾನು ಆ ಜಾಗಕ್ಕೆ ಯೋಗ್ಯನಲ್ಲ. ನನ್ನ ಕೋಲನ್ನು ನಿನ್ನ ಬಾಗಿಲ ಪಕ್ಕ ಒರಗಿಸಿ ಬಂದಿದ್ದೇನೆ, ಇಸಾತಾಯ್‌ಗೆ ಕೊಡು. ಅವನು ಒಳ್ಳೆಯವನು, ಕಿವಿಯೂ ಸ್ವಲ್ಪ ಮಂದ, ನಿಮ್ಮ ಕುಚೇಷ್ಟೆಗೆ ಜಗ್ಗುವವನಲ್ಲ.

ಉಳಿದವರಿಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು. ನನ್ನನ್ನು ಕ್ಷಮಿಸು.

ಕೊಜಾಬೆಕ್


ಅಕ್ಕುಡುಕ್,
4 ಅಕ್ಟೋಬರ್ 1983

ದಿಬ್ಬದಣ್ಣನಿಗೆ ಶರ್ಬನ್ ಮಾಡುವ ಸಲಾಮ್.

ನಿಮ್ಮ ಕಾಗದ ಬಂತು. ಲಾರಿಯವನು ಅದನ್ನು ಊರಿಗೆಲ್ಲ ತೋರಿಸಿ, ಮೂಸಿ, ಬೆಳಕಿಗೆ ಹಿಡಿದು, ಆಮೇಲೆ ನನಗೆ ಕೊಟ್ಟ. ನಾನು ಯಾರಿಗೂ ಏನೂ ಹೇಳಿಲ್ಲ. ಮಗಳಿಗೆ ಹುಷಾರಿಲ್ಲವಂತೆ ಎಂದೇ ಹೇಳಿದ್ದೇನೆ. ಊರಿನವರು ನಿಮ್ಮ ಮಗಳಿಗಾಗಿ ರೊಟ್ಟಿ ಸುಟ್ಟು ಹಂಚಿ ಪ್ರಾರ್ಥನೆಯನ್ನೂ ಮಾಡಿಸಿದರು. ಅವಳು ಇನ್ನು ನೂರು ವರ್ಷ ಗಟ್ಟಿಯಾಗಿರುತ್ತಾಳೆ.

ನೀವು ತಿರುಗಿದ್ದು ನನಗೆ ಗೊತ್ತೇ ಇರಲಿಲ್ಲ. ಉಪ್ಪುನೀರು ಕಣ್ಣಿಗೆ ಹೋಗಿ ರೆಪ್ಪೆ ಬಿಡಿಸಲು ಆಗುತ್ತಿರಲಿಲ್ಲ. ತಡಕಾಡಿಕೊಂಡು ದಡಕ್ಕೆ ಬಂದು, ಹೂಜಿಯ ಸಿಹಿನೀರಿನಲ್ಲಿ ಕಣ್ಣು ತೊಳೆದು ನೋಡಿದರೆ ನಿಮ್ಮ ಬೆನ್ನು ಇದ್ದಲ್ಲೇ ಇತ್ತು. ನೀವಾಗಿ ಬರೆಯದೆ ಇದ್ದಿದ್ದರೆ ನನಗೆ ಸಾಯುವ ತನಕ ತಿಳಿಯುತ್ತಿರಲಿಲ್ಲ.

ಏನೂ ನೋಡಲಿಲ್ಲ ಎಂದಿದ್ದೀರಿ. ಇರಲಿ. ಐವತ್ತು ದಾಟಿದ ಹೆಂಗಸು, ನಾಲ್ಕು ಹೆತ್ತವಳು, ಚಹಾ ನೀರು ಕುದಿಸುವ ಸಮೋವರ್ ಮಗುಚಿಕೊಂಡು ಸುಟ್ಟ ಕಲೆ ಹೊಟ್ಟೆಯ ಮೇಲೆ ಅಂಗೈಯಗಲ. ನೋಡಲಿಲ್ಲ ಎಂದದ್ದು ನಿಮ್ಮ ದೊಡ್ಡತನ. ಆದರೆ ಏನನ್ನೂ ನೋಡದವರು ಮಾರನೆಯ ದಿನವೇ ಉಣ್ಣೆಯ ಮೂಟೆಗಳ ನಡುವೆ ಕೂತು ಸಾವಿರ ಕಿಲೋಮೀಟರ್ ಓಡಿಹೋಗುತ್ತಾರೆಯೆ ಎಂದು ಒಂದೊಂದು ಸಲ ಯೋಚನೆ ಬರುತ್ತದೆ.

ಚಳಿ ಹಿಡಿಯುವ ಮುಂಚೆ ಕೊನೆಯ ಸಲ ಕೆರೆಗೆ ಹೋಗಿ ಬಂದೆವು. ಲಾರಿ ನಮ್ಮನ್ನು ಮರಳಿನ ಅಂಚಿನಲ್ಲಿ ಇಳಿಸಿ ಹೋಯಿತು. ಅಲ್ಲಿಂದ ನಡಿಗೆ. ಮರಳು ಮುಗಿಯುವ ತನಕ ಚೆನ್ನಾಗಿಯೇ ಇತ್ತು. ಬಿಳಿ ಬಯಲು ಶುರುವಾದ ಮೇಲೆ ಗೊತ್ತಾಯಿತು ನೀವಿಲ್ಲ ಎಂದು. ನೀವು ಮುಂದಿದ್ದರೆ ಉಪ್ಪಿನ ಹಪ್ಪಳವನ್ನು ಕೋಲಿನಿಂದ ಕುಟ್ಟಿ ಕುಟ್ಟಿ ನೋಡಿ, ಗಟ್ಟಿಯಿದ್ದ ಕಡೆ ಹಿಮ್ಮಡಿ ಒತ್ತಿ ಗುರುತು ಬಿಡುತ್ತಿದ್ದಿರಿ. ನಾನು ಎಲ್ಲರಿಗಿಂತ ಮೊದಲು ಅದರ ಮೇಲೆ ಕಾಲಿಡುತ್ತಿದ್ದೆ. ಇಸಾತಾಯ್ ಹಾಡು ಹೇಳಿಕೊಂಡು ಹೋದ. ಅವನ ಹಿಂದೆ ನಡೆದ ರಾಯ್ಕುಲ್ ತೊಡೆಯ ತನಕ ಕೆಸರಿಗೆ ಇಳಿದಳು. ಅವಳನ್ನು ಎಳೆದು ತೆಗೆಯುವಷ್ಟರಲ್ಲಿ ಒಂದು ಬೂಟು ಕೆರೆಗೇ ಕಾಣಿಕೆಯಾಯಿತು.

ದಿಬ್ಬದ ಮೇಲೆ ಇಸಾತಾಯ್ ಕೂರಲಿಲ್ಲ, ಮಲಗಿದ. ಗೊರಕೆ ಕೆಳಗಿನ ತನಕ ಕೇಳುತ್ತಿತ್ತು. ನಾವು ಕೀಲುನೋವಿಗೆಂದು ಮೈಗೆಲ್ಲ ಕರಿ ಕೆಸರು ಬಳಿದುಕೊಂಡು ಬಿಸಿಲಿಗೆ ಕೂತಿದ್ದೇವೆ, ಯಾರದೋ ಕತ್ತೆ ನೆಟ್ಟಗೆ ನಡುವೆ ಬಂದು ನಿಂತಿತು. ಉಲ್ಬಿಕೆ ಅಜ್ಜಿ ಎದ್ದು ನಿಂತು ಎರಡು ಕೈಯನ್ನೂ ಚಾಚಿದಳು. "ಬಾರಪ್ಪಾ ಬಾ! ನೀನಾದ್ರೂ ಒಬ್ಬ ಗಂಡಸು ಅಂತ ಬಂದ್ಯಲ್ಲ!" ಅಂದಳು. ಕತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ ತಿರುಗಿ ಓಡಿತು. "ಅಜ್ಜೀ, ನಿನ್ನ ನೋಡಿ ಕತ್ತೆನೂ ಓಡೋಯ್ತಲ್ಲೇ!" ಎಂದು ರಾಯ್ಕುಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಅದ್ಯಾಕೋ ನಗು ಬರಲಿಲ್ಲ.

ನಾನು ಏಕೆ ಕೂಗಿದೆ ಎಂದು ನೀವು ಕೇಳಿಲ್ಲ. ಕೇಳದೆ ಇದ್ದುದಕ್ಕೆ ನಾನಾಗಿ ಹೇಳುವುದಿಲ್ಲ.

ಕೋಲನ್ನು ಇಸಾತಾಯ್‌ಗೆ ಕೊಟ್ಟಿಲ್ಲ. ನನ್ನ ಮನೆಯೊಳಗೇ ಇದೆ.

ಶರ್ಬನ್


ಪಾವ್ಲೊದಾರ್,
28 ಅಕ್ಟೋಬರ್ 1983

ಶರ್ಬನ್‌ಗೆ ಆಶೀರ್ವಾದ.

ಕಣ್ಣಿಗೆ ಉಪ್ಪುನೀರು ಹೋಗಿ ಗಾಬರಿಯಲ್ಲಿ ಕೂಗಿದೆ ಎಂಬುದು ನಿನ್ನ ಕಾಗದದಿಂದ ತಿಳಿಯಿತು. ಅಂದಮೇಲೆ ಏಕೆ ಕೂಗಿದೆ ಎಂದು ಕೇಳುವುದಕ್ಕೇನಿದೆ? ಅಂಥ ಉರಿಯಲ್ಲಿ ಬಾಯಿಗೆ ಬಂದ ಹೆಸರನ್ನು ಯಾರಾದರೂ ಕೂಗುತ್ತಾರೆ. ನಾನು ಬೇರೆ ಏನೇನೋ ಅಂದುಕೊಂಡು ಇಷ್ಟು ದಿನ ನಿದ್ದೆ ಕೆಡಿಸಿಕೊಂಡಿದ್ದೆ. ಅದನ್ನು ಬಿಡು. ಮನಸ್ಸು ಹಗುರವಾಯಿತು.

ಇಲ್ಲಿ ಮನೆ ಐದನೆಯ ಮಹಡಿಯಲ್ಲಿದೆ. ಕಿಟಕಿಯಿಂದ ನದಿ ಕಾಣುತ್ತದೆ, ಎಷ್ಟು ದೊಡ್ಡ ನದಿ, ಒಂದು ಚಿಟಿಕೆ ಉಪ್ಪಿಲ್ಲ. ಶನಿವಾರ ಅಳಿಯ ನನ್ನನ್ನು ಊರ ಸ್ನಾನದ ಮನೆಗೆ ಕರೆದುಕೊಂಡು ಹೋಗುತ್ತಾನೆ. ಗಂಡಸರೆಲ್ಲ ಬತ್ತಲೆ ಕೂತು ಒಬ್ಬರನ್ನೊಬ್ಬರು ನೋಡಿಕೊಂಡೇ ಹರಟೆ ಹೊಡೆಯುತ್ತಾರೆ. ನಾನು ನನಗೇ ತಿಳಿಯದೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟಿದ್ದೆ. ಒಬ್ಬ ರಷ್ಯನ್ ಮುದುಕ ಬೆನ್ನಿಗೆ ತಟ್ಟಿ, "ಏನ್ ಯಜಮಾನ್ರೇ, ಗೋಡೇಲಿ ಸಿನಿಮಾ ನಡೀತಿದ್ಯಾ?" ಅಂದ. "ಬಿಡಿ ಸ್ವಾಮಿ, ನಮ್ಮ ಮಾವ ಹುಟ್ಟಿದಾಗಿಂದ್ಲೂ ಹೀಗೇ ಕೂತಿರೋದು" ಎಂದು ಅಳಿಯ ನಕ್ಕ. ನಾನೂ ನಗಬೇಕಾಯಿತು.

ರಾಯ್ಕುಲ್ ಕೆಸರಿಗಿಳಿದದ್ದು ಕೇಳಿ ಎದೆ ಹೊಡೆದುಕೊಂಡಿತು. ಇಸಾತಾಯ್‌ಗೆ ಹೇಳು: ಹಪ್ಪಳ ಬೆಳ್ಳಗೆ ಹೊಳೆಯುವ ಕಡೆ ಹೋಗಬಾರದು, ಅಲ್ಲಿ ಅಡಿಯಲ್ಲಿ ನೀರಿರುತ್ತದೆ. ಮಾಸಲು ಬಣ್ಣದ ಕಡೆ ಹೋಗಬೇಕು. ಕೋಲು ಕುಟ್ಟಿದಾಗ ಮಡಕೆಯ ಸದ್ದು ಬಂದರೆ ಹಿಂದಕ್ಕೆ. ಕೋಲು ಅವನಿಗೇ ಕೊಡು. ಅದಿಲ್ಲದೆ ಹೆಂಗಸರನ್ನು ಆ ಬಯಲಿನಲ್ಲಿ ನಡೆಸುವುದು ತಪ್ಪು.

ಇಲ್ಲಿ ಬೆಳಿಗ್ಗೆ ಎದ್ದರೆ ಟ್ರಾಮಿನ ಸದ್ದು. ನನಗೆ ದಿಬ್ಬದ ಸದ್ದೇ ಅಭ್ಯಾಸ. ತಿರುಗದೆ ಹೋದರೂ ನನಗೆ ನೀವೆಲ್ಲರೂ ಗೊತ್ತಾಗುತ್ತಿದ್ದಿರಿ. ರಾಯ್ಕುಲ್ ನೀರಿಗಿಳಿದರೆ ಚೀರುತ್ತಾಳೆ. ಉಲ್ಬಿಕೆ ಅಜ್ಜಿ ಕೆಮ್ಮುತ್ತಾಳೆ, ಆಮೇಲೆ ಯಾರನ್ನಾದರೂ ಬೈಯುತ್ತಾಳೆ. ನೀನು ಇಳಿದರೆ ಸದ್ದೇ ಇಲ್ಲ. ಎಲ್ಲ ಸುಮ್ಮನಾದರೆ, ಹೂಂ, ಈಗ ಶರ್ಬನ್ ನೀರಿನಲ್ಲಿದ್ದಾಳೆ ಎಂದುಕೊಳ್ಳುತ್ತಿದ್ದೆ. ಇದನ್ನು ಏಕೆ ಬರೆದೆನೋ ತಿಳಿಯದು. ಬರೆದಾಯಿತು, ಹೊಡೆದುಹಾಕಿದರೆ ಕಾಗದ ಕೆಡುತ್ತದೆ.

ಕೊಜಾಬೆಕ್


ಅಕ್ಕುಡುಕ್,
20 ನವೆಂಬರ್ 1983

ದಿಬ್ಬದಣ್ಣನಿಗೆ ಸಲಾಮ್.

ನೀವು ಹೇಳಿದಂತೆ ಕೋಲನ್ನು ಇಸಾತಾಯ್‌ಗೆ ಕೊಟ್ಟೆ. ನಿಮ್ಮ ಮನಸ್ಸು ಹಗುರವಾದದ್ದು ಸಂತೋಷ. ಒಬ್ಬರದಾದರೂ ಹಗುರವಾಗಲಿ.

ಒಂದು ವಿಷಯ ಕೇಳಬೇಕಾಗಿದೆ. ಮಗ ದುಲಾತ್ ಜಂಬುಲ್ ನಗರದಿಂದ ಬಂದು ಹೋದ. ಅವನ ಜೊತೆ ಸಪರ್ಗಲಿ ಎನ್ನುವವರೂ ಬಂದಿದ್ದರು. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದಾಳೆ. ನಾನು ಬೇಯಿಸಿದ ಮಾಂಸ ತಿಂದು, ಎರಡು ಸಲ ಚಹಾ ಕೇಳಿ ಕುಡಿದು, ಸುಮ್ಮನೆ ನನ್ನ ಕೈಯನ್ನೇ ನೋಡುತ್ತಾ ಕೂತಿದ್ದರು. ಅವರು ಹೊರಗೆ ಹೋದ ಮೇಲೆ ದುಲಾತ್ ಶುರು ಮಾಡಿದ. "ಅಮ್ಮಾ, ಇನ್ನೂ ಎಷ್ಟು ದಿನ ಒಬ್ಳೇ ಇಲ್ಲಿ ಒಂಟೆ ಕಾಯ್ತೀಯ? ಅವ್ರು ಒಳ್ಳೇವ್ರು. ಕುಡಿಯಲ್ಲ, ಕೂಗಾಡಲ್ಲ. ಹಲ್ಲೆಲ್ಲಾ ಚಿನ್ನದ್ದು ಹಾಕ್ಸಿದಾರೆ."

"ನಾನೇನು ಅವ್ರ ಹಲ್ಲು ಕಟ್ಕೊಂಡು ಸಂಸಾರ ಮಾಡ್ಬೇಕೇನೋ?" ಅಂದೆ.

"ತಮಾಷೆ ಬೇಡಮ್ಮಾ. ಇಲ್ಲಿ ನಿಂಗೆ ಯಾರಿದಾರೆ ಹೇಳು?"

ನಮ್ಮಲ್ಲಿ ತೀರಿಕೊಂಡವನ ಹೆಂಡತಿ ಬೇರೆ ಮನೆಗೆ ಹೋಗುವ ಮುಂಚೆ ಗಂಡನ ಕಡೆಯವರನ್ನು ಕೇಳಬೇಕು. ಅವಳನ್ನು ತಾನೇ ಮದುವೆಯಾಗಿ ಉಳಿಸಿಕೊಳ್ಳುತ್ತೇನೆ ಎನ್ನುವವರು ಆ ಮನೆಯಲ್ಲೇ ಇದ್ದರೆ ಮೊದಲ ಮಾತು ಅವರದು. ಅಮೀರ್‌ಹಾನ್‌ಗೆ ಅಣ್ಣತಮ್ಮ ಅಂತ ಉಳಿದಿರುವವರು ನೀವೊಬ್ಬರೇ, ನಿಮ್ಮ ಮನೆಯಾಕೆ ತೀರಿಕೊಂಡ ಮೇಲೆ ನೀವೂ ಒಂಟಿ. ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಹೋಗಲೋ, ಇರಲೋ?

ಹೊಸ ವರ್ಷ ಕಳೆದ ಕೂಡಲೇ ದುಲಾತ್ ಮತ್ತೆ ಬರುತ್ತಾನೆ. ಅಷ್ಟರಲ್ಲಿ ತಿಳಿಸಿ. ನೀವು ಇರು ಎಂದರೆ ಇರುತ್ತೇನೆ.

ಶರ್ಬನ್


ಪಾವ್ಲೊದಾರ್,
18 ಡಿಸೆಂಬರ್ 1983

ಶರ್ಬನ್‌ಗೆ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬರೆದದ್ದು ಸರಿ ಹೋಗದೆ ಮತ್ತೆ ಮತ್ತೆ ಬರೆದೆ.

ಕೇಳಬೇಕಾದ ಪದ್ಧತಿಗೆ ತಕ್ಕಂತೆ ನೀನು ಕೇಳಿದ್ದೀಯ. ನಮ್ಮ ಮನೆತನದ ಮರ್ಯಾದೆ ಉಳಿಸಿದೆ. ಹಿರಿಯನಾದವನು ಹೇಳಬೇಕಾದದ್ದನ್ನು ನಾನೂ ಹೇಳಬೇಕು. ಹೋಗು. ಸಪರ್ಗಲಿಯ ವಿಚಾರವನ್ನು ಇಲ್ಲಿ ರೈಲ್ವೆಯಲ್ಲಿರುವ ನಮ್ಮೂರ ಕಡೆಯವನೊಬ್ಬನನ್ನು ಕೇಳಿ ತಿಳಿದುಕೊಂಡೆ. ಒಳ್ಳೆಯ ಮನುಷ್ಯ ಎಂದೇ ಹೇಳಿದ. ಅವನಲ್ಲಿ ಕೊಂಕು ಸಿಕ್ಕುತ್ತದೇನೋ ಎಂದು ನಾನು ಬೇಕಾದಷ್ಟು ಕೆದಕಿದೆ, ಸಿಕ್ಕಲಿಲ್ಲ. ಅಕ್ಕುಡುಕ್‌ನಲ್ಲಿ ಈ ವಯಸ್ಸಿಗೆ ನೀನು ಹಿಮ ಕರಗಿಸಿ ನೀರು ಮಾಡಿಕೊಳ್ಳಬೇಕು. ನಗರದಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ನಿನ್ನ ಮೊಣಕಾಲಿಗೆ ಒಳ್ಳೆಯದು.

ಮೊದಲ ಮಾತು ನನ್ನದು ಎಂದು ಬರೆದಿದ್ದೀಯ. ಆ ಮಾತನ್ನು ನಾನು ಬಿಟ್ಟುಕೊಟ್ಟಿದ್ದೇನೆ. ಯಾರೂ ನಿನ್ನನ್ನು ತಡೆಯುವುದಿಲ್ಲ.

ದಾರಿಯಲ್ಲಿ ಚಳಿ ಇರುತ್ತದೆ. ಮೊಣಕಾಲಿಗೆ ಒಂಟೆಯ ಉಣ್ಣೆ ಸುತ್ತಿಕೊಂಡು ಹೊರಡು.

ಕೊಜಾಬೆಕ್


ಅಕ್ಕುಡುಕ್,
9 ಜನವರಿ 1984

ಹಿರಿಯರಿಗೆ ಸಲಾಮ್.

ತಮ್ಮ ಅಪ್ಪಣೆ ತಲುಪಿತು. ಒಂಟೆಗಳನ್ನು ರಾಯ್ಕುಲ್‌ಗೆ ಒಪ್ಪಿಸಿದ್ದೇನೆ. ದುಲಾತ್ ಲಾರಿ ತಂದಿದ್ದಾನೆ, ಸಾಮಾನು ಏರಿಸುತ್ತಿದ್ದಾರೆ.

ಹೋಗುವ ಮುಂಚೆ ಒಂದು ಸಲ ಕೆರೆಯ ತನಕ ನಡೆದು ಬರೋಣ ಎಂದಿದ್ದೆ. ಬಯಲೆಲ್ಲ ಹಿಮ, ಎಲ್ಲಿ ಗಟ್ಟಿ ಎಲ್ಲಿ ಕೆಸರು ತಿಳಿಯುವುದಿಲ್ಲ. ಹೆಜ್ಜೆ ತೋರಿಸುವವರೂ ಇಲ್ಲ. ಅರ್ಧ ದಾರಿಯಿಂದಲೇ ಹಿಂತಿರುಗಿದೆ.

ಉಣ್ಣೆ ಬೇಡ. ಅಲ್ಲಿ ನಲ್ಲಿಯಲ್ಲಿ ಬಿಸಿನೀರು ಬರುತ್ತದಂತೆ.

ಶರ್ಬನ್


ಉಪ್ಪುಕೆರೆಯ ದಿಬ್ಬ,
27 ಮೇ 1984

ಶರ್ಬನ್,

ಕೊನೆಯ ಕಾಗದದಲ್ಲಿ ನೀನು ದಿಬ್ಬದಣ್ಣ ಎಂದು ಬರೆಯಲಿಲ್ಲ. ಹಿರಿಯರಿಗೆ ಎಂದು ಬರೆದೆ. ಆ ಒಂದು ಮಾತನ್ನು ಚಳಿಗಾಲವೆಲ್ಲ ಓದಿದೆ. ನದಿಯ ಮಂಜುಗಡ್ಡೆ ಒಡೆದ ಮೇಲೆ ಮಗಳಿಗೆ, "ನಾನು ಊರಿಗೆ ಹೋಗ್ತೀನಮ್ಮ" ಅಂದೆ. "ಅಲ್ಲಿ ಯಾರಿದಾರಪ್ಪಾ?" ಅಂದಳು. ನಿನ್ನ ಮಗ ಕೇಳಿದ ಪ್ರಶ್ನೆಯನ್ನೇ ಅವಳೂ ಕೇಳಿದಳು.

ನೀನು ಹೊರಟುಹೋಗಿರುತ್ತೀಯ ಎಂದು ಗೊತ್ತಿತ್ತು. ಆದರೂ ಲಾರಿ ಇಳಿದವನು ಮೊದಲು ನಿನ್ನ ಮನೆಯ ಕಡೆಗೇ ನಡೆದೆ. ಬೀಗ. ಹೊಸ್ತಿಲ ಮೇಲೆ ಮರಳು ಕೂತಿತ್ತು. ಅಲ್ಲಿ ನಿಂತಿದ್ದನ್ನು ಉಲ್ಬಿಕೆ ಅಜ್ಜಿ ನೋಡಿಬಿಟ್ಟಳು.

"ಏನೋ ದಿಬ್ಬದೋನೇ, ಬೆನ್ನು ಸವೆದುಹೋಯ್ತಾ? ಈಗ ಮುಖ ತೋರ್ಸೋಕೆ ಬಂದ್ಯಾ?"

"ಶರ್ಬನ್ ಹೇಗಿದಾಳಂತೆ ಅಜ್ಜಿ?"

"ನನ್ನೇನು ಕೇಳ್ತೀಯ? ಹೋಗು ಅಂತ ಕಳಿಸಿದೋನು ನೀನು. ಕಾಗದ ಬರ್ದಿದ್ಯಂತೆ, ದೊಡ್ಡ ಮನುಷ್ಯ. ಅವ್ಳು ಅದನ್ನ ಒಲೆಗೆ ಹಾಕೋವಾಗ ನಾನು ಪಕ್ಕದಲ್ಲೇ ಕೂತಿದ್ದೆ."

"ಅವಳು ಪದ್ಧತಿ ಪ್ರಕಾರ ಕೇಳಿದ್ಳು, ನಾನು ಪದ್ಧತಿ ಪ್ರಕಾರ..."

"ನಿನ್ ತಲೆಗಿಷ್ಟು ಉಪ್ಪುನೀರು ಹುಯ್ಯ! ಆವತ್ತು ನಾವೆಲ್ಲಾ ಅವಳೊಬ್ಬಳನ್ನೇ ಬಿಟ್ಟು ಬಾವಿ ಕಡೆ ಯಾಕೋ ಹೋದ್ವಿ? ಬಾಯಾರಿಕೆ ಆಗಿತ್ತು ಅಂದ್ಕೊಂಡ್ಯಾ? ನಾನೇ ಕಣೋ ಹೇಳ್ಕೊಟ್ಟಿದ್ದು. 'ಎಷ್ಟು ವರ್ಷ ಅವನ ಬೆನ್ನು ನೋಡ್ಕೊಂಡು ಕೂತಿರ್ತೀಯೇ, ಹೆಸರು ಹಿಡಿದು ಕೂಗೇ. ತಿರುಗಿದ್ರೆ ನಿನ್ನೋನು, ತಿರುಗದೆ ಹೋದ್ರೆ ಬಂಡೆ' ಅಂದೆ. ಹುಡುಗಿ ಹಂಗೆ ನಾಚ್ಕೊಂಡ್ಳು. ನಾವು ಬಾವಿ ಹತ್ರ ಕೂತು ಕಾದ್ವಿ. ಕಣ್ಣು ಕೆಂಡ ಮಾಡ್ಕೊಂಡು ಬಂದ್ಳು. 'ಬಂಡೆ ಕಣಜ್ಜಿ' ಅಂದ್ಳು. ಉಪ್ಪಿಗೆ ಕೆಂಪಾಯ್ತೋ ಅತ್ತು ಕೆಂಪಾಯ್ತೋ ನೀನೇ ತಿಳ್ಕೋ."

"ಅಜ್ಜಿ, ನಾನು ತಿರುಗಿದ್ದೆ."

ಅಜ್ಜಿ ನನ್ನನ್ನು ಒಳಗೆ ಕರೆದು ಚಹಾ ಬಟ್ಟಲು ಕೈಗಿಟ್ಟಳು. "ಹಂಗಾದ್ರೆ ನೀನು ಬಂಡೆಗಿಂತ್ಲೂ ಕಡೆ" ಅಂದಳು. ನೀನು ಮಗನ ಮನೆಯಲ್ಲಿದ್ದೀಯ, ನಿಕಾಹ್ ಆದದ್ದು ಇನ್ನೂ ಕೇಳಿಲ್ಲ ಎಂದೂ ಅವಳೇ ಹೇಳಿದಳು. ಆ ಮಾತಿನಿಂದ ನನಗೆ ಈ ಕಾಗದ ಬರೆಯುವ ಧೈರ್ಯ ಬಂದಿದೆ.

ಇಸಾತಾಯ್‌ನಿಂದ ಕೋಲು ತೆಗೆದುಕೊಂಡು ನಿನ್ನೆ ಒಬ್ಬನೇ ಇಲ್ಲಿಗೆ ನಡೆದು ಬಂದೆ. ಇಷ್ಟು ವರ್ಷ ಹಿಂದೆ ನಿಮ್ಮ ಹರಟೆ ಇರುತ್ತಿತ್ತು, ದಾರಿ ಇಷ್ಟು ಉದ್ದ ಎಂದು ತಿಳಿದಿರಲಿಲ್ಲ. ಬಿಳಿ ಬಯಲಿನಲ್ಲಿ ಅಭ್ಯಾಸದಂತೆ ಹಿಮ್ಮಡಿ ಒತ್ತಿ ಒತ್ತಿ ಗುರುತು ಮಾಡುತ್ತಾ ಬಂದೆ. ಅರ್ಧ ದಾರಿಯಲ್ಲಿ ನಿಂತು ಹಿಂದೆ ನೋಡಿದೆ. ಗುರುತುಗಳು ಹಾಗೇ ಇದ್ದವು, ಒಂದರ ಮೇಲೂ ಯಾರೂ ಕಾಲಿಟ್ಟಿರಲಿಲ್ಲ.

ಈ ಕೆರೆಯನ್ನು ಕಾಯುತ್ತಾ ಮುದುಕನಾದೆ, ಒಂದು ದಿನ ಇಳಿದು ಮಿಂದವನಲ್ಲ. ನಿನ್ನೆ ಬಟ್ಟೆ ಕಳಚಿ ದಡದಲ್ಲಿಟ್ಟು ಹುಟ್ಟಿದಾಗಿನಂತೆ ನೀರಿಗೆ ಇಳಿದೆ. ನೀನು ನಿಂತಿದ್ದಲ್ಲೇ ನಿಂತೆ. ತಲೆಯನ್ನೂ ಮುಳುಗಿಸಿದೆ. ಅಯ್ಯೋ ದೇವರೇ, ಆ ಉರಿ! ಕಣ್ಣು ಮುಚ್ಚಿಕೊಂಡು ದಿಬ್ಬದ ಕಡೆ ಮುಖ ಮಾಡಿ ನಿನ್ನ ಹೆಸರು ಕೂಗಿದೆ. ಯಾರೂ ಇಲ್ಲ ಎಂದು ಗೊತ್ತಿದ್ದೂ ಕಿವಿಗೊಟ್ಟು ನಿಂತೆ. ಉತ್ತರಕ್ಕೆ ಹಾಗೆ ಕಾಯುವುದು ಎಷ್ಟು ಕಷ್ಟ ಎಂದು ಅರ್ಥವಾಯಿತು.

ಈಗ ನಿಜ ಹೇಳುತ್ತೇನೆ. ಏನನ್ನೂ ನೋಡಲಿಲ್ಲ ಎಂದು ಬರೆದದ್ದು ಸುಳ್ಳು. ನೀನು ಸೊಂಟದ ತನಕ ನೀರಿನಲ್ಲಿದ್ದೆ. ಜಡೆ ಬಿಚ್ಚಿತ್ತು, ಭುಜದ ಮೇಲೆ ಉಪ್ಪು ಒಣಗಿ ಬೆಳ್ಳಗಾಗಿತ್ತು. ಕಣ್ಣು ಮುಚ್ಚಿಕೊಂಡು ನಗುತ್ತಿದ್ದೆ. ನಗುತ್ತಿರುವವಳಿಗೆ ಏನೂ ಅಪಾಯವಿಲ್ಲ ಎಂದು ಕೂಡಲೇ ಗೊತ್ತಾಯಿತು. ಗೊತ್ತಾದ ಮೇಲೂ ಮುಖ ತಿರುಗಿಸಲು ನನಗೆ ಮನಸ್ಸು ಬರಲಿಲ್ಲ. ನಾನು ಓಡಿಹೋದದ್ದು ಅದಕ್ಕೆ, ನೀನು ಬರೆದ ಆ ಕಲೆಗಲ್ಲ. ಕಲೆ ಇತ್ತೋ ಇಲ್ಲವೋ ನಾನು ಕಾಣೆ. ನನಗೆ ಕಂಡದ್ದು ನಿನ್ನ ನಗು. ಅದನ್ನು ನೋಡಿದ ಮೇಲೆ ಮತ್ತೆ ಕಾವಲುಗಾರನಾಗಿ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಮೊದಲು ಬರೆದ ಕಾಗದದಲ್ಲಿ 'ಇರು' ಎಂದೇ ಇತ್ತು. ಕದ್ದು ನೋಡಿದವನು ಈಗ ಪದ್ಧತಿಯ ಹೆಸರಿನಲ್ಲಿ ಕೇಳುತ್ತಿದ್ದಾನೆ ಎಂದು ನೀನು ಅಂದುಕೊಳ್ಳುವೆ ಎಂದು ಹೆದರಿ ಹರಿದೆ. ಈಗ ಹರಿಯುವುದಿಲ್ಲ. ಇರು ಶರ್ಬನ್. ನನ್ನ ಮನೆಯಲ್ಲಿ ಇರು. ಒಂದು ಸಾಲು ಬರೆ, ನಾನೇ ಜಂಬುಲ್‌ಗೆ ಬಂದು ಕರೆದುಕೊಂಡು ಬರುತ್ತೇನೆ.

ನಾನು ಈಗ ಕೆರೆಗೆ ಮುಖ ಮಾಡಿ ಕೂತು ಇದನ್ನು ಬರೆಯುತ್ತಿದ್ದೇನೆ.

ಕೊಜಾಬೆಕ್


ಜಂಬುಲ್,
20 ಜೂನ್ 1984

ಕೊಜಾಬೆಕ್,

ಹೆಸರು ನೋಡಿ ಬೆಚ್ಚಬೇಡ. ಏಪ್ರಿಲ್‌ನಲ್ಲಿ ನನಗೂ ಸಪರ್ಗಲಿಗೂ ನಿಕಾಹ್ ಆಯಿತು. ಆ ಸುದ್ದಿ ಉಲ್ಬಿಕೆ ಅಜ್ಜಿಯ ತನಕ ಬಂದಿಲ್ಲ, ಅಷ್ಟೇ. ಈಗ ನಾನು ಬೇರೆ ಮನೆಯ ಸೊಸೆ. ನಾನು ಹೆಸರು ಹೇಳಬಾರದವರು ಈಗ ಬೇರೆಯವರು. ನಿನ್ನ ಹೆಸರು ಹೇಳುವುದಕ್ಕೆ, ನಿನ್ನನ್ನು ನೀನು ಎನ್ನುವುದಕ್ಕೆ, ನನಗೆ ಯಾವ ಅಡ್ಡಿಯೂ ಇಲ್ಲ. ಮೂವತ್ತು ವರ್ಷ ಕಾದು ಸಿಕ್ಕಿದ ಸ್ವಾತಂತ್ರ್ಯ ನೋಡು.

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಅತ್ತುಬಿಟ್ಟೆ. ಸಪರ್ಗಲಿ ಬಾಗಿಲಲ್ಲಿ ಬಂದು ನಿಂತು, "ಊರಿನ ಕಾಗದವಾ? ಯಾರಾದ್ರೂ ಹೋದ್ರಾ?" ಅಂದರು. ಹೂಂ ಅಂದೆ. "ಹತ್ರದೋರಾ?" "ಇಲ್ಲ, ದೂರದೋರು" ಅಂದೆ. ಅವರು ಮತ್ತೆ ಏನನ್ನೂ ಕೇಳದೆ ತಾವೇ ಚಹಾ ಮಾಡಿ ತಂದುಕೊಟ್ಟರು. ಒಳ್ಳೆಯವರು. ಅವರ ಮೇಲೆ ಹೇಳುವುದಕ್ಕೆ ಒಂದು ದೂರೂ ಇಲ್ಲ. ಒಂದಾದರೂ ಇದ್ದಿದ್ದರೆ ನಾನು ಇವತ್ತೇ ಬಸ್ಸು ಹತ್ತುತ್ತಿದ್ದೆ.

ಆ ನೀರಿನಲ್ಲಿ ಯಾರೂ ತಲೆ ಮುಳುಗಿಸುವುದಿಲ್ಲ. ನನಗೆ ಗೊತ್ತಿರಲಿಲ್ಲವೆ? ಬೇಕೆಂದೇ ಮುಳುಗಿಸಿದೆ. ಕಣ್ಣು ಬಿಟ್ಟುಕೊಂಡು ನಿನ್ನ ಹೆಸರು ಕೂಗುವ ಧೈರ್ಯ ನನಗೆ ಇರಲಿಲ್ಲ. ಉರಿಯಲ್ಲೂ ನಗು ಬಂತು, ನನ್ನ ಬಾಯಲ್ಲಿ ನಿನ್ನ ಹೆಸರು ಕೇಳಿ ನನಗೇ ನಗು ಬಂತು. ಕಣ್ಣು ಬಿಟ್ಟಿದ್ದರೆ ನಿನ್ನ ಮುಖ ನೋಡುತ್ತಿದ್ದೆ, ಉಳಿದದ್ದೆಲ್ಲ ಬೇಕೇ ಆಗುತ್ತಿರಲಿಲ್ಲ. ಅದು ನನ್ನ ತಪ್ಪು. ನೀನು ತಿರುಗಿದ್ದು ತಪ್ಪಲ್ಲ. ತಿರುಗಿದವನು ಮತ್ತೆ ಬೆನ್ನು ಹಾಕಿದೆಯಲ್ಲ, ನಿನ್ನ ತಪ್ಪು ಅದು. ಆಮೇಲೆ ಕಾಗದ ಬರೆಯುವಾಗಲೂ ಪ್ರತಿ ಸಲ ಅದನ್ನೇ ಮಾಡಿದೆ.

ಉಲ್ಬಿಕೆ ಅಜ್ಜಿ ಕರೆದರೆ ಮತ್ತೆ ದಿಬ್ಬಕ್ಕೆ ಹೋಗು. ಕರೆಯುತ್ತಾಳೆ. ಆ ಬಯಲಿನಲ್ಲಿ ಹೆಂಗಸರನ್ನು ನಡೆಸುವುದಕ್ಕೆ ನಿನ್ನ ಕಾಲೇ ಬೇಕು. ಇನ್ನು ನನಗೆ ಬರೆಯಬೇಡ. ನಾನೂ ಬರೆಯುವುದಿಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ರೊಟ್ಟಿ ಅಂಗಡಿ ಇದೆ. ಅಂಗಡಿಯವನ ಹೆಸರೂ ಕೊಜಾಬೆಕ್. ದಪ್ಪಗೆ, ಮೈಯೆಲ್ಲ ಹಿಟ್ಟು, ಒಲೆಯ ಕಡೆ ಮುಖ ಮಾಡಿ ಬೀದಿಗೆ ಬೆನ್ನು ಹಾಕಿಕೊಂಡು ನಿಂತಿರುತ್ತಾನೆ. ದಿನಾ ಬೆಳಿಗ್ಗೆ ಹೋಗಿ ಹೆಸರು ಹಿಡಿದು ಕೂಗುತ್ತೇನೆ. ಒಂದೇ ಸಲಕ್ಕೆ ತಿರುಗುತ್ತಾನೆ. ರೊಟ್ಟಿ ನನ್ನ ಕೈ ಸೇರುವ ತನಕ ಹಾಗೇ ತಿರುಗಿಕೊಂಡಿರುತ್ತಾನೆ.

ಶರ್ಬನ್